ಹೋಲಿಸಿ ನೋಡಬೇಡಿ ಎಂದು ಕೇಳಿಕೊಂಡ ದಿನ

ಕೊರೊನಾ ಗಲಾಟೆ ಮುಗಿದು ಊರು ಮತ್ತೆ ಉಸಿರಾಡತೊಡಗಿದ್ದ ವರ್ಷಗಳವು. ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬಹುಕಾಲ ದುಡಿದು ನಿವೃತ್ತಳಾಗಿದ್ದ ನಾನು, ಕಟಪಾಡಿಯ ಮನೆಯಲ್ಲಿ ಕುಳಿತು ‘ಅಳಿವೆ’ ಎಂಬ ಮೊಬೈಲ್ ಆ್ಯಪ್‌ನ ಮೇಂಟೇನರ್ ಆಗಿದ್ದೆ. ಮೇಂಟೇನರ್ ಎಂದರೆ ಏನೋ ದೊಡ್ಡ ಹುದ್ದೆ ಎಂದು ಭಾವಿಸಬೇಡಿ. ಸಂಬಳವಿಲ್ಲ, ರಜೆಯಿಲ್ಲ, ಬೈಗುಳ ಮಾತ್ರ ಧಾರಾಳ. ಮದುವೆ ಮನೆಯಲ್ಲಿ ಅಡುಗೆಯ ಉಸ್ತುವಾರಿ ಹೊತ್ತ ಅತ್ತೆಯ ಸ್ಥಿತಿ ಅದು. ಉಪ್ಪು ಹೆಚ್ಚಾದರೂ ಅವರೇ, ಕಡಿಮೆಯಾದರೂ ಅವರೇ.

ನದಿ ಕಡಲನ್ನು ಸೇರುವ ಅಳಿವೆ ಬಾಗಿಲನ್ನು ನಾಡದೋಣಿಯಲ್ಲಿ ದಾಟುವುದು ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಉಬ್ಬರ ಎಷ್ಟಿದೆ, ಗಾಳಿ ಯಾವ ಕಡೆಯದು, ಈಗ ದಾಟಬಹುದೇ ಎಂಬುದನ್ನು ನಮ್ಮ ಆ್ಯಪ್ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹೇಳುತ್ತದೆ. ಅದು ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಹೀಗೆ ಸೇರುವ ಒಂದೊಂದು ತಿದ್ದುಪಡಿಗೂ ಕಮಿಟ್ ಎಂದು ಹೆಸರು. ಪ್ರತಿ ಕಮಿಟ್‌ನ ಜೊತೆ ಬರೆದವರ ಹೆಸರೂ ದಾಖಲಾಗಿ ಉಳಿಯುತ್ತದೆ. ಮೊದಲ ದಿನದಿಂದ ಇಂದಿನವರೆಗಿನ ಈ ಸರಪಳಿಯನ್ನು ನಾವು ಹಿಸ್ಟರಿ ಎನ್ನುತ್ತೇವೆ.

ಕೋಡ್ ಬರೆಯುವುದು ಸುಲಭ ಮಾರಾಯ್ರೆ, ಬರೆಯುವವರನ್ನು ಒಟ್ಟಿಗೆ ಇಟ್ಟುಕೊಳ್ಳುವುದೇ ಕಷ್ಟ. ನಮ್ಮ ಗುಂಪಿನಲ್ಲಿ ಕಾಲೇಜು ಮಕ್ಕಳು, ಗಲ್ಫಿನಲ್ಲಿರುವವರು, ಅಂಗಡಿ ಇಟ್ಟವರು ಎಲ್ಲ ಇದ್ದರು. ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬ್ರೋ, ಸರ್, ಮಾರಾಯ ಎಂದೇ ಮಾತು. ಅತ್ತ ಕಡೆ ಇರುವವರೆಲ್ಲ ಗಂಡಸರೇ ಎಂಬ ಧೈರ್ಯ. ಒಳ್ಳೆ ಕೆಲಸ ಮಾಡುತ್ತಿದ್ದ ಇಬ್ಬರು ಹುಡುಗಿಯರು ಸದ್ದಿಲ್ಲದೆ ಗುಂಪು ಬಿಟ್ಟ ಮೇಲೆ ನಾನು ಒಂದು ನಿಯಮ ಬರೆದು ಹಾಕಿದೆ. ಎದುರಿಗಿರುವವರು ಗಂಡೋ ಹೆಣ್ಣೋ ಎಂದು ಊಹಿಸಬೇಡಿ, ಹೆಸರು ಹಿಡಿದು ‘ನೀವು’ ಎಂದು ಮಾತಾಡಿ, ಕೋಡನ್ನು ಬೈಯಿರಿ, ಬರೆದವರನ್ನು ಬೈಯಬೇಡಿ. ಅಷ್ಟೇ.

ಅಷ್ಟಕ್ಕೇ ಬೆಂಕಿ ಹತ್ತಿಕೊಂಡಿತು. ಹತ್ತಿಸಿದವರು ಕಾಪುವಿನ ಸದಾಶಿವಣ್ಣ. ಗಲ್ಫಿನ ಬಂದರೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ಊರಿಗೆ ಮರಳಿದ ಮೇಲೆ ಗುಂಪಿಗೆ ಸೇರಿದವರು. ನಮ್ಮ ಸರ್ವರ್ ಇದ್ದದ್ದು ಅವರ ಮನೆಯಲ್ಲೇ. ತಾವು ಬಂದ ಮೇಲಿನ ಪ್ರತಿ ಬಿಡುಗಡೆಗೂ ಡಿಜಿಟಲ್ ಸಹಿ ಹಾಕುತ್ತಿದ್ದವರು ಅವರೇ. ಆ ಸಹಿ ಇಲ್ಲದಿದ್ದರೆ ದೋಣಿಯವರ ಮೊಬೈಲು ಅಪ್‌ಡೇಟನ್ನು ಒಳಗೇ ಬಿಡುವುದಿಲ್ಲ. ಮನುಷ್ಯ ಚಿನ್ನ, ಬಾಯಿ ಮಾತ್ರ ಆಯುಧಪೂಜೆಯ ದಿನದ ಗರ್ನಾಲು ಪಟಾಕಿ.

“ಮಾತಾಡಲಿಕ್ಕೂ ಪರ್ಮಿಟ್ ಬೇಕಾ ವನಜಕ್ಕ?” ಎಂದು ಫೋನಿನಲ್ಲಿ ಕೂಗಿದರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಕೊಡುತ್ತಿದ್ದೇನೆ. “ಕಡಲಿನ ದಡದಲ್ಲಿ ಹುಟ್ಟಿದವ ನಾನು. ಬೊಬ್ಬೆ ಹೊಡೆಯದಿದ್ದರೆ ಪಕ್ಕದ ದೋಣಿಗೂ ಕೇಳುವುದಿಲ್ಲ.”

“ಇದು ದೋಣಿ ಅಲ್ಲ ಸದಾಶಿವಣ್ಣ. ಇಲ್ಲಿ ಪಿಸುಗುಟ್ಟಿದರೂ ದುಬೈವರೆಗೆ ಕೇಳ್ತದೆ.”

ನಿಯಮವನ್ನು ಅವರು ಪಾಲಿಸಿದರು, ಆದರೆ ಗೇಲಿ ಮಾಡುತ್ತಾ. “ಗಂಡೂ ಅಲ್ಲದ ಹೆಣ್ಣೂ ಅಲ್ಲದ ಪೂಜ್ಯ ಪ್ರಕಾಶ್ ಅವರೇ, ತಮ್ಮ ಕೋಡ್ ಕೊಳೆತು ನಾರುತ್ತಿದೆ” ಎಂದೆಲ್ಲ ಬರೆಯುತ್ತಿದ್ದರು. ಪ್ರಕಾಶ್ ಅಂದರೆ ನಮ್ಮ ಇನ್ನೊಬ್ಬ ಮೇಂಟೇನರ್, ಕಾರ್ಕಳದವರು, ಪಾಠ ಹೇಳುವವರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಮಾತ್ರ ಮಂಡೆಬೆಚ್ಚ.

ಹೀಗಿರುವಾಗ ಒಂದು ಮಳೆಗಾಲದ ಮಧ್ಯಾಹ್ನ ನಮಿತಾ ನಮ್ಮ ಮನೆಗೆ ಬಂದಳು. ನಮಿತಾ ಎಂಬುದು ಈ ಬರಹಕ್ಕಾಗಿ ಅವಳೇ ಆರಿಸಿಕೊಟ್ಟ ಹೆಸರು; ಗುರುತು ಸಿಗದ ಹಾಗೆ ಆ್ಯಪ್‌ನ ಹೆಸರನ್ನೂ ಉಳಿದವರ ಹೆಸರುಗಳನ್ನೂ ನಾನು ಬದಲಿಸಿದ್ದೇನೆ. ಹಿಂದೆ ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ, ಸದಾಶಿವಣ್ಣ ಗುಂಪಿಗೆ ಬರುವುದಕ್ಕೂ ಮೊದಲು, ‘ಅಳಿವೆ’ಯ ಉಬ್ಬರ ಇಳಿತದ ಲೆಕ್ಕವನ್ನೆಲ್ಲ ಬರೆದವಳು ಅವಳು. ಆ್ಯಪ್‌ನ ಜೀವಾಳವೇ ಅದು. ಆಗ ಊರು ಅವಳನ್ನು ಹುಡುಗನೆಂದು ತಿಳಿದಿತ್ತು, ಹುಡುಗನ ಹೆಸರಿನಿಂದ ಕರೆಯುತ್ತಿತ್ತು. ಆಮೇಲೆ ಎರಡು ಮೂರು ವರ್ಷ ಅವಳ ಸುದ್ದಿಯಿರಲಿಲ್ಲ. ಈಗ ಸೀರೆಯಲ್ಲ, ಸಾದಾ ಚೂಡಿದಾರ, ಕೊಡೆಯ ನೀರು ಜಗಲಿಯಲ್ಲಿ ಕೊಡವುತ್ತಾ ನಿಂತಿದ್ದಳು. ಆ ಹಳೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗುಂಪಿನಲ್ಲಿ ಎಲ್ಲರನ್ನೂ ‘ಅವರು’ ಎನ್ನುವ ನಾನು ಇವಳನ್ನು ‘ಅವಳು’ ಎನ್ನುವುದು ನನ್ನ ಮಗಳ ಪ್ರಾಯದವಳೆಂಬ ಸಲಿಗೆಯಿಂದ. ಹಾಗೆ ಕರೆದರೆ ಅವಳ ಮುಖ ಅರಳುವುದನ್ನು ಕಂಡಿದ್ದೇನೆ.

ಚಹಾ ಕುಡಿದು ವಿಷಯ ಹೇಳಿದಳು. ಮಣಿಪಾಲದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಹೆಂಗಸರ ಪಿ.ಜಿ.ಯಲ್ಲಿ ಕೋಣೆ. ಕಾಗದಪತ್ರಗಳೆಲ್ಲ ಹೊಸ ಹೆಸರಿಗೆ ಬದಲಾಗಿವೆ, ಆಫೀಸಿನಲ್ಲಿ ಅವಳು ನಮಿತಾ ಮಾತ್ರ. ಆದರೆ ಆ ಆಫೀಸಿನಲ್ಲಿ ಎಲ್ಲರೂ ತಾವು ಓಪನ್ ಸೋರ್ಸಿನಲ್ಲಿ ಮಾಡಿದ ಕೆಲಸವನ್ನು ತೋರಿಸುತ್ತಾರೆ. ಇವಳ ತಂಡದ ಲೀಡ್ ಕೂಡ ನಿಮ್ಮದು ತೋರಿಸಿ ಎನ್ನುತ್ತಿದ್ದಾರೆ. ‘ಅಳಿವೆ’ಯನ್ನು ತೋರಿಸಿದರೆ ಅಲ್ಲಿ ಹಳೆಯ ಹೆಸರು ಕುಳಿತಿದೆ. ಗೊತ್ತಾದರೆ ಪಿ.ಜಿ.ಯಲ್ಲಿ ಇರಲು ಬಿಡುತ್ತಾರೋ ಇಲ್ಲವೋ, ಆಫೀಸಿನ ಕ್ಯಾಂಟೀನಿನಲ್ಲಿ ಯಾರು ಯಾರ ಮುಖ ನೋಡಿ ನಗುತ್ತಾರೋ.

“ಅಕ್ಕ, ಒಂದೋ ‘ಅಳಿವೆ’ಯಲ್ಲಿ ಮಾಡಿದ ನನ್ನ ಕೆಲಸವನ್ನು ಬಿಡಬೇಕು, ಇಲ್ಲವಾದರೆ ನನ್ನನ್ನೇ ಬಿಡಬೇಕು,” ಎಂದಳು.

“ಹೆಸರೇ ತೆಗೆದುಬಿಡುವಾ? ಅನಾಮಧೇಯ ಅಂತ ಹಾಕಿದರೆ ಆಯ್ತಲ್ಲ?” ಎಂದೆ.

“ಕೆಲಸ ನನ್ನದು ಅಕ್ಕ,” ಎಂದಳು. ಜೋರಾಗಿ ಹೇಳಲಿಲ್ಲ. ಆದರೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಅವಳ ಒಪ್ಪಿಗೆ ಪಡೆದು ಪ್ರಕಾಶ್ ಅವರಿಗೆ ಮಾತ್ರ ತಿಳಿಸಿದೆ. ಅವರು ಉತ್ಸಾಹಿ. ಇದಕ್ಕೊಂದು ಸುಲಭ ಉಪಾಯ ಉಂಟು, ಮೇಲ್‌ಮ್ಯಾಪ್ ಎಂಬ ಚಿಕ್ಕ ಫೈಲ್ ಸೇರಿಸಿದರೆ ಸಾಕು, ಹಳೆಯ ಹೆಸರು ಕಾಣಬೇಕಾದಲ್ಲೆಲ್ಲ ಹೊಸ ಹೆಸರೇ ಕಾಣುತ್ತದೆ ಎಂದರು. ಸಂಜೆಯೊಳಗೆ ತಯಾರು ಮಾಡಿ ವಿಡಿಯೋ ಕಾಲ್‌ನಲ್ಲಿ ನಮ್ಮಿಬ್ಬರಿಗೆ ತೋರಿಸಿದರು. ತೆರೆದು ನೋಡಿದರೆ ಏನಿದೆ? ಈ ಹಳೆಯ ಹೆಸರಿನವರನ್ನು ಈ ಹೊಸ ಹೆಸರಿನಿಂದ ತೋರಿಸು ಎಂಬ ಒಂದೇ ಒಂದು ಸಾಲು. ಎರಡೂ ಹೆಸರು ಅಕ್ಕಪಕ್ಕ, ಇಡೀ ಲೋಕಕ್ಕೆ ತೆರೆದಿರುವ ಜಾಗದಲ್ಲಿ! ಮುಚ್ಚಿಡಲು ಹೊರಟು ಬೋರ್ಡು ಬರೆದು ನೇತು ಹಾಕುವುದು ನಮ್ಮಂಥ ಕಂಪ್ಯೂಟರಿನವರಿಗೆ ಮಾತ್ರ ಸಾಧ್ಯ. ನಮಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಪ್ರಕಾಶಣ್ಣ, ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಚಿಲಕಕ್ಕೇ ಕಟ್ಟಿದಿರಲ್ಲ!” ಪ್ರಕಾಶ್ ಕೂಡ ನಕ್ಕರು. ಫೈಲು ಹೊರಗೆ ಹೋಗಿರಲಿಲ್ಲವಾದ್ದರಿಂದ ಬಚಾವಾದೆವು.

ಉಳಿದದ್ದು ಒಂದೇ ದಾರಿ, ಹಿಸ್ಟರಿಯನ್ನೇ ಹೊಸದಾಗಿ ಬರೆಯುವುದು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಪ್ರತಿ ಕಮಿಟ್‌ನ ಗುರುತಿನ ಸಂಖ್ಯೆ ಅದರ ಹಿಂದಿನದನ್ನು ಸೇರಿಸಿ ಲೆಕ್ಕವಾಗುತ್ತದೆ. ಮುರಕಲ್ಲಿನ ಗೋಡೆಯ ಕೆಳಗಿನ ಸಾಲಿನಲ್ಲಿ ಒಂದು ಕಲ್ಲು ಬದಲಿಸಬೇಕಾದರೆ ಮೇಲಿನದನ್ನೆಲ್ಲ ಇಳಿಸಿ ಮತ್ತೆ ಕಟ್ಟಬೇಕಲ್ಲ, ಹಾಗೆ. ನಮಿತಾಳ ಕೆಲಸ ಇದ್ದದ್ದು ತಳಪಾಯದಲ್ಲೇ. ಸದಾಶಿವಣ್ಣ ಹಾಕಿದ್ದ ಸಹಿಗಳೆಲ್ಲ ರದ್ದಾಗುತ್ತವೆ. ಗುಂಪಿನ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಅಳಿಸಿ ಹೊಸದನ್ನು ಇಳಿಸಿಕೊಳ್ಳಬೇಕು, ಅರ್ಧ ಮಾಡಿಟ್ಟ ಕೆಲಸವನ್ನು ಮತ್ತೆ ಜೋಡಿಸಬೇಕು. ಒಬ್ಬರು ಹಠ ಹಿಡಿದು ಹಳೆಯ ಪ್ರತಿಯಿಂದ ಕಳಿಸಿದರೂ ಹಳೆಯ ಹೆಸರು ಮತ್ತೆ ಒಳಗೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಹೊರಗೆ ಎಲ್ಲೋ ಯಾರೋ ಇಟ್ಟುಕೊಂಡ ಹಳೆಯ ಪ್ರತಿಯನ್ನು ನಮ್ಮಿಂದ ಅಳಿಸಲಾಗದು. ಅದನ್ನು ನಮಿತಾಳಿಗೆ ಬಿಡಿಸಿ ಹೇಳಿದೆ. “ಹುಡುಕಿದವರಿಗೆ ಸಿಗಲಿ ಅಕ್ಕ,” ಎಂದಳು. “ಸುಮ್ಮನೆ ನೋಡಿದವರಿಗೆ ಸಿಗಬಾರದು, ಅಷ್ಟೇ.”

ಆದರೆ ಗುಂಪಿಗೆ ಏನೆಂದು ಹೇಳುವುದು? ಕಾರಣ ಹೇಳಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹೇಳದಿದ್ದರೂ ಸುಖವಿಲ್ಲ. ಹಳೆಯ ಪ್ರತಿ, ಹೊಸ ಪ್ರತಿ ಪಕ್ಕಪಕ್ಕ ಇಟ್ಟರೆ ಬದಲಾದ ಹೆಸರು ಕ್ಷಣದಲ್ಲಿ ಹೊರಬೀಳುತ್ತದೆ. ಎರಡು ಪ್ರತಿ ಸಿಕ್ಕಿದರೆ ವ್ಯತ್ಯಾಸ ನೋಡುವುದು ನಮ್ಮ ಕುಲಕಸುಬು. ನೋಡಬೇಡಿ ಎನ್ನುವುದು ಬೆಕ್ಕಿನ ಮುಂದೆ ಬಂಗುಡೆ ಇಟ್ಟು ಕಣ್ಣು ಮುಚ್ಚಿಕೋ ಎಂದ ಹಾಗೆ. ಮೇಲಾಗಿ ನಮ್ಮಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಯಾಕೆಂದು ವಿವರಿಸಬೇಕೆಂಬ ರೂಢಿ. ಆ ರೂಢಿಯನ್ನು ಎಲ್ಲರಿಗೂ ಕಲಿಸಿದವಳೂ ನಾನೇ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಬರೆಯೋಣವೆಂದು ಮೊದಲು ಅನ್ನಿಸಿತು. ತಾಂತ್ರಿಕ ಕಾರಣ ಎಂದು ಸುಳ್ಳು ಹೇಳಬಹುದಿತ್ತು. ಮನಸ್ಸು ಬರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಇದ್ದದ್ದನ್ನು ಇದ್ದಂತೆ ಬರೆದೆ: “ನಾವು ಹಿಸ್ಟರಿಯನ್ನು ಹೊಸದಾಗಿ ಬರೆಯಬೇಕಾಗಿದೆ. ಕಾರಣ ಇದೆ, ಹೇಳುವ ಹಾಗಿಲ್ಲ. ದಯವಿಟ್ಟು ಹಳೆಯ ಪ್ರತಿಯನ್ನು ಅಳಿಸಿ. ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಬೇಡಿ. ಯಾಕೆಂದು ಕೇಳಬೇಡಿ. ಇದು ನನ್ನ ಆಜ್ಞೆಯಲ್ಲ, ಬೇಡಿಕೆ.”

ಕಳಿಸಿ ಅಡುಗೆ ಕೋಣೆಗೆ ಹೋದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆನೆಂದು ಮನೆಯವರು ಆಮೇಲೆ ಹೇಳಿದರು.

ಮೊದಲ ಉತ್ತರ ಬಂದದ್ದು ಬಸವರಾಜ ಅವರಿಂದ. ಬಾಗಲಕೋಟೆ ಕಡೆಯಿಂದ ಬಂದು ಪಡುಬಿದ್ರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರು. “ಆತ್ರೀ ಅಕ್ಕಾರ, ಅಳಿಸೇನಿ.” ಅಷ್ಟೇ. ಮತ್ತೆ ದುಬೈಯಿಂದ ಒಬ್ಬರು, “ಅಳಿಸಿದೆ. ಹೊಸದು ಯಾವಾಗ ಇಳಿಸಿಕೊಳ್ಳಲಿ?” ಮತ್ತೊಬ್ಬರು, ಇನ್ನೊಬ್ಬರು. ಆವರಣ ಚಿಹ್ನೆ ಎಲ್ಲಿ ಹಾಕಬೇಕೆಂದು ವಾರಗಟ್ಟಲೆ ಜಗಳವಾಡಿದ ಜನ ಇವರು! ಸಂಜೆಯಾದರೂ ಒಬ್ಬರೂ ಯಾಕೆ ಎನ್ನಲಿಲ್ಲ. ನಾನು ಪರದೆಯ ಮುಂದೆ ಬೆರಗಾಗಿ ಕುಳಿತಿದ್ದೆ. ಇಷ್ಟು ವರ್ಷ ಇವರನ್ನು ಮಾತಿನಲ್ಲೇ ಅಳೆದಿದ್ದೆ, ಇವರ ಮೌನ ಎಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ.

ಆದರೆ ಸದಾಶಿವಣ್ಣನದ್ದು ಉತ್ತರವೇ ಇಲ್ಲ. ಅವರು ಒಪ್ಪದಿದ್ದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ದೋಣಿಯವರಿಗೆ ಅಪ್‌ಡೇಟ್ ಇಲ್ಲ. ನಮಿತಾಳಿಗಾಗಿ ಅಷ್ಟೂ ದೋಣಿಗಳನ್ನು ಕತ್ತಲಲ್ಲಿ ಇಡಲು ಆಗುತ್ತದೆಯೇ? ಹಿಂದೊಮ್ಮೆ ಯಾರೋ ಹಿಸ್ಟರಿಯ ಒಂದು ತುಂಡನ್ನು ಮುಟ್ಟಿದಾಗ ಇದೇ ಮನುಷ್ಯ ಆಕಾಶ ಭೂಮಿ ಒಂದು ಮಾಡಿದ್ದರು. ಮರುದಿನ ಬಸ್ಸು ಹತ್ತಿ ಕಾಪುವಿಗೇ ಹೋದೆ.

ಲೈಟ್‌ಹೌಸಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಕಡಲು ಮೊರೆಯುತ್ತಿತ್ತು. ಅವರು ಜಗಲಿಯಲ್ಲಿ ಕುಳಿತಿದ್ದವರು ಏಳಲಿಲ್ಲ.

“ಹಿಸ್ಟರಿ ಮುಟ್ಟಬಾರದು ಅಂತ ನಾನು ಎಷ್ಟು ಬೊಬ್ಬೆ ಹೊಡೆದಿದ್ದೇನೆ, ನೆನಪುಂಟಾ?”

“ಉಂಟು.”

“ಮತ್ತೆ? ಎಂತದಕ್ಕೆ ಇದು?”

“ಹೇಳುವ ಹಾಗಿಲ್ಲ ಸದಾಶಿವಣ್ಣ.”

“ನನಗೂ?”

“ನಿಮಗೂ.”

ಚಹಾ ತಂದ ಅವರ ಹೆಂಡತಿ ಸುಮತಿಯಕ್ಕ, “ಹೇಳುವ ಹಾಗಿದ್ದರೆ ಅವರು ಮಳೆಯಲ್ಲಿ ಇಲ್ಲಿವರೆಗೆ ಬರ್ತಿದ್ರಾ?” ಎಂದು ಗಂಡನನ್ನೇ ಗದರಿಸಿದರು. ಸದಾಶಿವಣ್ಣ ಚಹಾ ಮುಗಿಯುವವರೆಗೆ ಮಾತಾಡಲಿಲ್ಲ. ಅವರ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಇದರಿಂದ ಒಬ್ಬರಿಗಾದರೂ ಒಳ್ಳೆಯದಾಗ್ತದಾ?” ಎಂದು ಕೇಳಿದರು.

“ಆಗ್ತದೆ.”

“ನಮ್ಮ ಅಜ್ಜನ ಕಾಲದಲ್ಲಿ ಕೈರಂಪಣಿ ಎಳೆಯುವಾಗ,” ಎಂದರು. ಕೈರಂಪಣಿ ಎಂದರೆ ದಡದಲ್ಲಿ ನಿಂತು ಊರವರೆಲ್ಲ ಸೇರಿ ಎಳೆಯುವ ದೊಡ್ಡ ಬಲೆ. “ದಾರಿಯಲ್ಲಿ ಹೋಗುವವರಿಗೂ ಹಗ್ಗ ಹಿಡಿ ಅಂತ ಕೂಗುತ್ತಿದ್ದರು. ಹಿಡಿಯುವುದು, ಎಳೆಯುವುದು. ಬಲೆಯಲ್ಲಿ ಎಂತ ಉಂಟು, ಯಾರದ್ದು ಅಂತ ಆಗ ಕೇಳಿದರೆ ಬಲೆ ಕಡಲಿಗೇ ಹೋಗ್ತದೆ. ಆಯ್ತು, ನಾನು ಹಗ್ಗ ಹಿಡಿತೇನೆ. ನೀವು ದಿನ ಹೇಳಿ.”

ದಿನವನ್ನು ಕಡಲೇ ಹೇಳಿತು. ಅದೇ ವಾರ ರೆಡ್ ಅಲರ್ಟ್ ಬಂತು. ದೋಣಿಗಳೆಲ್ಲ ದಡ ಸೇರಿದವು. ಯಾರೂ ಅಳಿವೆ ದಾಟದ ದಿನ ನಮ್ಮ ಸರ್ವರ್ ನಿಂತರೂ ಯಾರ ಜೀವಕ್ಕೂ ಅಪಾಯವಿಲ್ಲ. ಬೆಳಿಗ್ಗೆಯೇ ಶುರು ಮಾಡಿದೆವು. ನಾನು ಕಟಪಾಡಿಯಲ್ಲಿ, ಪ್ರಕಾಶ್ ಕಾರ್ಕಳದಲ್ಲಿ, ಸದಾಶಿವಣ್ಣ ಕಾಪುವಿನಲ್ಲಿ. ಎರಡು ಸಲ ಕರೆಂಟ್ ಹೋಗಿ ಬಂತು. ಸರಪಳಿ ಬುಡದಿಂದ ಹೊಸದಾಗಿ ಕಟ್ಟಿಕೊಂಡು ಮೇಲೆ ಬಂತು. ಒಂದೊಂದೇ ಬಿಡುಗಡೆಗೆ ಸದಾಶಿವಣ್ಣ ಮತ್ತೆ ಸಹಿ ಹಾಕುತ್ತಾ ಹೋದರು. ಮಧ್ಯದಲ್ಲಿ ಅವರೇ ಫೋನ್ ಮಾಡಿ, “ವನಜಕ್ಕ, ಮುಟ್ಟಬೇಡಿ! ನನ್ನ ಬ್ಯಾಕಪ್ ಡಿಸ್ಕ್ ತನ್ನಿಂದ ತಾನೇ ಹಳೆಯದನ್ನು ಮೇಲೆ ಕಳಿಸ್ತದೆ, ಮರೆತೇಬಿಟ್ಟಿದ್ದೆ. ವೈರ್ ಎಳೆದು ಬಿಸಾಡಿದೆ, ಈಗ ಮಾಡಿ” ಎಂದರು. ಅವರಿಗೆ ನೆನಪಾಗದಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮಧ್ಯಾಹ್ನದ ಊಟ ತಣ್ಣಗಾಗುವ ಹೊತ್ತಿಗೆ ಕೆಲಸ ಮುಗಿಯಿತು.

ಮಳೆ ಸ್ವಲ್ಪ ಬಿಟ್ಟ ಮೇಲೆ ಸದಾಶಿವಣ್ಣ ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಡಿಸ್ಕನ್ನು ನನ್ನ ಕೈಗೆ ಕೊಟ್ಟರು.

“ಇದರಲ್ಲಿ ಹಳೆಯದೆಲ್ಲ ಉಂಟು. ಒಡೆದು ಹಾಕಿ.”

“ನೀವೇ ಅಳಿಸಬಹುದಿತ್ತಲ್ಲ?”

“ಅಳಿಸಬೇಕಾದರೆ ತೆರೆಯಬೇಕು. ತೆರೆದರೆ ಕಣ್ಣು ಹೋಗ್ತದೆ. ನೋಡಿದರೆ ಗೊತ್ತಾಗ್ತದೆ. ಗೊತ್ತಾದ ಮೇಲೆ ನನ್ನ ಬಾಯಿ ನಿಲ್ಲುವುದಿಲ್ಲ ವನಜಕ್ಕ. ನನ್ನ ಬಾಯಿ ನನಗೆ ಗೊತ್ತುಂಟು.”

“ಮತ್ತೆ ಸಹಿ ಹೇಗೆ ಹಾಕಿದಿರಿ, ನೋಡದೆ?”

“ಒಳಗಿನ ಕೋಡ್ ಒಂದು ಅಕ್ಷರವೂ ಬದಲಾಗಲಿಲ್ಲ ಅಂತ ನೋಡಿದೆ. ಹೆಸರುಗಳ ಕಡೆ ಹೋಗಲಿಲ್ಲ.”

ಗೌರವದ ಬಗ್ಗೆ ನಿಯಮ ಬರೆದವಳು ನಾನು. ಆ ನಿಯಮವನ್ನು ದಿನಾ ಗೇಲಿ ಮಾಡಿದ ಮನುಷ್ಯ, ತನ್ನ ದೌರ್ಬಲ್ಯ ಯಾವುದೆಂದು ತಾನೇ ತಿಳಿದು, ಅದರಿಂದ ಅಪರಿಚಿತರೊಬ್ಬರಿಗೆ ನೋವಾಗದ ಹಾಗೆ ಆ ಡಿಸ್ಕನ್ನೇ ಹೊತ್ತು ತಂದು ನನ್ನ ಕೈಯಲ್ಲಿ ಇಟ್ಟಿದ್ದರು. ಕಾಲಿಗೆ ಬೀಳೋಣ ಅನ್ನಿಸಿತು, ಸುಳ್ಳಲ್ಲ. “ಊಟ ಮಾಡಿಕೊಂಡು ಹೋಗಿ” ಎಂದಷ್ಟೇ ಹೇಳಿದೆ.

ಮುಂದಿನ ವಾರ ನಮಿತಾ ಫೋನ್ ಮಾಡಿದಳು. ಆಫೀಸಿನಲ್ಲಿ ಲೀಡ್ ‘ಅಳಿವೆ’ಯನ್ನು ತೆರೆದು, ಮೊದಲಿನಿಂದಲೂ ಇರುವ ಹೆಸರನ್ನು ನೋಡಿ, “ಈ ಉಬ್ಬರದ ಲೆಕ್ಕ ಪೂರ್ತಿ ನಿಮ್ಮದಾ?” ಎಂದು ಕೇಳಿದರಂತೆ. “ಹೌದು ಅಂದೆ ಅಕ್ಕ. ಬೇರೆ ಎಂತದೂ ಹೇಳಬೇಕಾಗಲಿಲ್ಲ,” ಎಂದವಳು ಅಳತೊಡಗಿದಳು. ನಾನೂ ಅತ್ತೆ.

ಎಲ್ಲವೂ ತೆರೆದಿರಬೇಕು, ಎಲ್ಲದಕ್ಕೂ ಕಾರಣ ಕೇಳಬೇಕು ಎಂದು ಈ ವೃತ್ತಿ ನನಗೆ ಕಲಿಸಿತ್ತು. ಕೇಳುವ ಹಕ್ಕು ಇದ್ದೂ ಕೇಳದೆ ಇರುವುದು, ನೋಡುವ ಉಪಾಯ ಕೈಯಲ್ಲಿದ್ದೂ ನೋಡದೆ ಇರುವುದು ಎಷ್ಟು ದೊಡ್ಡ ಮರ್ಯಾದೆ ಎಂಬುದನ್ನು ಅದೇ ವೃತ್ತಿ ನಿವೃತ್ತಿಯ ನಂತರ ಕಲಿಸಿತು. ನಿಯಮದಿಂದ ಬೈಗುಳ ನಿಲ್ಲಿಸಬಹುದು. ಇದನ್ನು ನಿಯಮದಿಂದ ಮಾಡಿಸಲಾಗದು.

ಈ ಅನುಭವ ಬರೆಯುತ್ತೇನೆಂದಾಗ ನಮಿತಾ ಒಪ್ಪಿದಳು. ಅಚ್ಚಾಗುವ ಮೊದಲು ಸದಾಶಿವಣ್ಣನಿಗೆ ತಾನೇ ಹೇಳಬೇಕೆಂದಳು. ಮೊನ್ನೆ ಇಬ್ಬರೂ ಕಾಪುವಿಗೆ ಹೋದೆವು. ಅವಳು ಎಲ್ಲ ಹೇಳಿ ಮುಗಿಸಿ ತಲೆ ತಗ್ಗಿಸಿ ನಿಂತಳು. ಸದಾಶಿವಣ್ಣ ಅವಳನ್ನೇ ಒಂದು ಗಳಿಗೆ ನೋಡಿದರು.

“ಓಹೋ, ಉಬ್ಬರದ ಲೆಕ್ಕ ನಿಮ್ಮದಾ? ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಅದು ಒಂದು ಚೂರು ಕಡಿಮೆ ತೋರಿಸ್ತದೆ. ಅಪಾಯ ಇಲ್ಲ, ಆದರೆ ತಪ್ಪು ತಪ್ಪೇ. ಬರೆದವರನ್ನು ಕೇಳುವ ಅಂದರೆ ಹೆಸರು ತೆಗೆದು ನೋಡಬೇಕಾಗ್ತದಲ್ಲ ಅಂತ ಇಷ್ಟು ಸಮಯ ಸುಮ್ಮನಿದ್ದೆ ಮಾರಾಯ್ರೆ,” ಎಂದರು. ಒಂದು ಸಾಲು ಟೈಪ್ ಮಾಡಿದ್ದರೆ ಅವರಿಗೆ ಆ ಹೆಸರು ಸಿಗುತ್ತಿತ್ತು. ಕುರ್ಚಿಯನ್ನು ಅವಳ ಕಡೆ ಎಳೆದರು. “ಕುಳಿತುಕೊಳ್ಳಿ ನಮಿತಾ ಅವರೇ, ಸರಿ ಮಾಡುವ.”